ಜಾಹೀರಾತೆಂಬ ವೃತ್ತಿ

ಕರಾವಳಿಯ ಊರೊಂದಕ್ಕೆ ಯಕ್ಷಗಾನದ ಮೇಳ ಬಂದು ಬೀಡುಬಿಟ್ಟ ದಿನ, ಸಂಜೆಗತ್ತಲೆಯ ಹೊತ್ತಿಗೆ ಚೆಂಡೆಯ ಸದ್ದು ಕೇಳಿಬರುತ್ತದೆ. ಆಟ ಆರಂಭವಾಗುವುದಕ್ಕೆ ಆಗ ಇನ್ನೂ ಸಾಕಷ್ಟು ಹೊತ್ತಿರುತ್ತದೆ. ವೇಷಧಾರಿಗಳು ಚೌಕಿಯಲ್ಲಿ ಬಣ್ಣ ಹಚ್ಚುವುದಕ್ಕೂ ಕುಳಿತಿರುವುದಿಲ್ಲ. ಆದರೂ ಚೆಂಡೆಯ ನಾದ ಗದ್ದೆಬಯಲನ್ನು ದಾಟಿ, ತೆಂಗಿನ ತೋಟಗಳ ಒಳಹೊಕ್ಕು, ದೂರದ ಮನೆಗಳ ಅಂಗಳವನ್ನು ಮುಟ್ಟುತ್ತದೆ. ಇದಕ್ಕೆ ‘ಕೇಳಿ ಬಡಿಯುವುದು’ ಎಂದು ಹೆಸರು. ಇಂದು ರಾತ್ರಿ ಇಲ್ಲಿ ಆಟವುಂಟು, ಬೇಗ ಊಟ ಮುಗಿಸಿ ಹೊರಡಿರಿ ಎಂಬುದೇ ಆ ನಾದದ ಅರ್ಥ. ಒಂದು ಅಕ್ಷರವನ್ನೂ ಬರೆಯದೆ, ಒಂದು ಮಾತನ್ನೂ ಆಡದೆ, ಊರಿಗೆಲ್ಲ ಸುದ್ದಿ ಮುಟ್ಟಿಸುವ ಈ ಏರ್ಪಾಡನ್ನು ಜಾಹೀರಾತಿನ ಅತಿ ಸರಳವಾದ ರೂಪವೆನ್ನಬಹುದು.

‘ಜಾಹೀರು’ ಎಂದರೆ ಬಹಿರಂಗ, ಪ್ರಕಟ ಎಂದು ಅರ್ಥ. ಒಬ್ಬನಲ್ಲಿರುವ ವಸ್ತು ಇನ್ನೊಬ್ಬನಿಗೆ ಬೇಕಾಗಿರುತ್ತದೆ. ಆದರೆ ಅದು ಎಲ್ಲಿ ದೊರೆಯುತ್ತದೆ, ಯಾವ ಬೆಲೆಗೆ ದೊರೆಯುತ್ತದೆ, ಅದರ ಗುಣವೇನು ಎಂಬುದು ಅವನಿಗೆ ತಿಳಿದಿರುವುದಿಲ್ಲ. ಈ ಇಬ್ಬರ ನಡುವಿನ ದೂರವನ್ನು ಕಡಮೆಮಾಡುವುದೇ ಜಾಹೀರಾತಿನ ಮೂಲ ಉದ್ದೇಶ. ಇಂದು ಪತ್ರಿಕೆಯ ಪುಟದಲ್ಲಿ, ಬಾನುಲಿಯಲ್ಲಿ, ದೂರದರ್ಶನದಲ್ಲಿ, ಅಂಗೈಯಲ್ಲಿ ಹಿಡಿದ ದೂರವಾಣಿಯ ಪರದೆಯ ಮೇಲೆ ಎಡೆಬಿಡದೆ ಕಾಣಿಸಿಕೊಳ್ಳುವ ಜಾಹೀರಾತುಗಳ ಹಿಂದೆ ಸಾವಿರಾರು ಜನರ ದುಡಿಮೆಯಿದೆ. ಅವರಲ್ಲಿ ಬರೆಹಗಾರರಿದ್ದಾರೆ, ಚಿತ್ರಕಾರರಿದ್ದಾರೆ, ಲೆಕ್ಕಪತ್ರ ಬಲ್ಲವರಿದ್ದಾರೆ, ಜನರ ಮನಸ್ಸನ್ನು ಅಭ್ಯಾಸಮಾಡಿದವರಿದ್ದಾರೆ. ಇದು ಈಗ ತರುಣ ತರುಣಿಯರು ಆರಿಸಿಕೊಳ್ಳಬಹುದಾದ ಒಂದು ಗೌರವದ ವೃತ್ತಿ. ಆದರೆ ಈ ವೃತ್ತಿಯನ್ನು ಕುರಿತು ಎರಡು ಸಂದೇಹಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ಸುಳ್ಳು ಹೇಳದೆ ಇದರಲ್ಲಿ ಬಾಳಲು ಸಾಧ್ಯವೇ ಎಂಬುದು ಒಂದು. ಕನ್ನಡ ಶಾಲೆಯಲ್ಲಿ ಓದಿದವರಿಗೆ ಇದರಲ್ಲಿ ಸ್ಥಾನವುಂಟೇ ಎಂಬುದು ಇನ್ನೊಂದು. ಈ ಎರಡು ಪ್ರಶ್ನೆಗಳಿಗೆ ಉತ್ತರವನ್ನು ದೂರದ ದೇಶಗಳಲ್ಲಿ ಹುಡುಕಬೇಕಾಗಿಲ್ಲ. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಸುತ್ತಮುತ್ತಲೇ ಅದು ದೊರೆಯುತ್ತದೆ.

ಭಾರತದಲ್ಲಿ ಮುದ್ರಿತ ಜಾಹೀರಾತು ಪತ್ರಿಕೆಯ ಜೊತೆಜೊತೆಯಲ್ಲಿಯೇ ಹುಟ್ಟಿತು. 1780ರಲ್ಲಿ ಕಲ್ಕತ್ತೆಯಲ್ಲಿ ಜೇಮ್ಸ್ ಆಗಸ್ಟಸ್ ಹಿಕಿಯು ಹೊರಡಿಸಿದ ದೇಶದ ಮೊದಲ ಪತ್ರಿಕೆಯ ಹೆಸರಿನಲ್ಲಿಯೇ ಜಾಹೀರಾತು ಎಂಬ ಅರ್ಥದ ಮಾತು ಸೇರಿತ್ತು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು 1843ರಲ್ಲಿ ಹರ್ಮನ್ ಮೊಗ್ಲಿಂಗನ ಸಂಪಾದಕತ್ವದಲ್ಲಿ ಕರಾವಳಿಯಿಂದಲೇ ಹೊರಟಿತು. ಕಾಗದವಲ್ಲದೆ ಮಣ್ಣು ಕೂಡ ಕರಾವಳಿಯಲ್ಲಿ ಜಾಹೀರಾತಿನ ಹಲಗೆಯಾಯಿತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಅಲ್ಲಿ ತಯಾರಾದ ಹಂಚುಗಳ ಮೇಲೆ ಕಾರ್ಖಾನೆಯ ಹೆಸರು ಮತ್ತು ವರ್ಷವನ್ನು ಅಚ್ಚೊತ್ತುತ್ತಿದ್ದರು. ಹಂಚು ಒಡೆದರೆ, ಸೋರಿದರೆ ತಯಾರಿಸಿದವರು ಯಾರೆಂದು ಮನೆಯ ಯಜಮಾನನಿಗೆ ಗೊತ್ತಾಗುತ್ತಿತ್ತು. ಹೆಸರನ್ನು ಒತ್ತಿದವರು ಗುಣಕ್ಕೆ ಹೊಣೆಯನ್ನೂ ಹೊತ್ತುಕೊಳ್ಳುತ್ತಾರೆ. ವ್ಯಾಪಾರಮುದ್ರೆ ಎಂಬುದರ ತಿರುಳು ಇಷ್ಟೇ ಆಗಿದೆ.

ಹೆಸರು, ರೂಪ, ಸುದ್ದಿ ಇವು ಮೂರೂ ಒಟ್ಟುಗೂಡಿದಾಗ ಜಾಹೀರಾತು ಎಷ್ಟು ಬಲವನ್ನು ಪಡೆಯುತ್ತದೆ ಎಂಬುದಕ್ಕೆ ಮೈಸೂರು ಸ್ಯಾಂಡಲ್ ಸಾಬೂನು ಉತ್ತಮ ನಿದರ್ಶನ. ಮೊದಲನೆಯ ಮಹಾಯುದ್ಧದ ಕಾರಣದಿಂದ ಶ್ರೀಗಂಧದ ರಫ್ತು ನಿಂತುಹೋಗಿ ಮೈಸೂರು ಸಂಸ್ಥಾನದಲ್ಲಿ ಗಂಧದ ಮರ ರಾಶಿಬಿದ್ದಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರು 1916ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆಗೆ ಅಡಿಪಾಯ ಹಾಕಿದರು. ವಿಜ್ಞಾನಿ ಎಸ್. ಜಿ. ಶಾಸ್ತ್ರಿಗಳು ಸಾಬೂನನ್ನು ರೂಪಿಸಿದ್ದಲ್ಲದೆ, ಅದನ್ನು ಒಡವೆಯ ಪೆಟ್ಟಿಗೆಯನ್ನು ಹೋಲುವ ಪೆಟ್ಟಿಗೆಯಲ್ಲಿರಿಸಿದರು. ಆನೆಯ ತಲೆ, ಸಿಂಹದ ಮೈಯುಳ್ಳ ಶರಭದ ಚಿತ್ರ ಅದರ ಲಾಂಛನವಾಯಿತು. ಟ್ರ್ಯಾಮ್ ಬಂಡಿಯ ಚೀಟಿಗಳ ಮೇಲೆ, ಬೆಂಕಿಪೆಟ್ಟಿಗೆಗಳ ಮೇಲೆ ಈ ಸಾಬೂನಿನ ಚಿತ್ರ ಕಾಣಿಸಿಕೊಂಡಿತು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯ ಮೂಲಕವೂ ಅದರ ಪ್ರಚಾರ ನಡೆಯಿತು. ಆದರೆ ಪೆಟ್ಟಿಗೆ ತೆರೆದಾಗ ನಿಜವಾದ ಗಂಧದ ಪರಿಮಳ ಬಾರದೆ ಹೋಗಿದ್ದರೆ, ಆ ಲಾಂಛನವಾಗಲಿ ಮೆರವಣಿಗೆಯಾಗಲಿ ಎರಡನೆಯ ಬಾರಿ ಗಿರಾಕಿಯನ್ನು ಅಂಗಡಿಗೆ ಕರೆತರಲಾರದಾಗಿತ್ತು.

ಉಡುಪಿಯ ಅನುಭವವು ಇನ್ನೊಂದು ಬಗೆಯದು. 1925ರಲ್ಲಿ ಡಾ. ಟಿ. ಎಂ. ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವ ಇವರು ಉಡುಪಿಯಲ್ಲಿ ಒಂದು ಬ್ಯಾಂಕನ್ನು ಸ್ಥಾಪಿಸಿದರು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು. 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡಿತು. ಆ ಬ್ಯಾಂಕು 1928ರಲ್ಲಿ ‘ಪಿಗ್ಮಿ ಠೇವಣಿ’ ಎಂಬ ಯೋಜನೆಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಬ್ಯಾಂಕಿನ ಪ್ರತಿನಿಧಿಯು ಮನೆಬಾಗಿಲಿಗೆ ಬಂದು ಪಡೆದುಕೊಳ್ಳುತ್ತಿದ್ದನು. ಪಿಗ್ಮಿ ಎಂದರೆ ಕುಬ್ಜ. ನಿಮ್ಮ ಉಳಿತಾಯ ಎಷ್ಟೇ ಚಿಕ್ಕದಾಗಿದ್ದರೂ ಸಂಕೋಚಪಡಬೇಕಾಗಿಲ್ಲ ಎಂಬುದನ್ನು ಆ ಹೆಸರೇ ಸಾರುತ್ತಿತ್ತು. ದೊಡ್ಡ ಕಟ್ಟಡದ ಮೆಟ್ಟಿಲನ್ನು ಹತ್ತಲು ಹಿಂಜರಿಯುವ ಕೂಲಿಕಾರನಿಗೂ ನೇಕಾರನಿಗೂ ಪ್ರತಿದಿನ ತಪ್ಪದೆ ಬಾಗಿಲಿಗೆ ಬರುವ ಆ ಪರಿಚಿತ ಮುಖವೇ ಬ್ಯಾಂಕಿನ ಜಾಹೀರಾತಾಯಿತು. ಹೇಳುವ ಮಾತು ಕೇಳುವವನ ಬದುಕಿಗೆ ಹೊಂದಿಕೊಂಡಿರಬೇಕು, ಹೇಳಿದ್ದನ್ನು ದಿನದಿನವೂ ನಡೆಸಿಕೊಡಬೇಕು ಎಂಬ ಎರಡು ಪಾಠಗಳನ್ನು ಹೊಸಬರು ಇದರಿಂದ ಕಲಿಯಬಹುದು.

ದೊಡ್ಡ ನಗರಗಳಲ್ಲಿ ಜಾಹೀರಾತು ಒಂದು ಪ್ರತ್ಯೇಕ ಉದ್ಯಮವಾಗಿ ಬೆಳೆದುದು ಇಪ್ಪತ್ತನೆಯ ಶತಮಾನದಲ್ಲಿ. ಮುಂಬಯಿಯಲ್ಲಿ 1905ರಲ್ಲಿ ಆರಂಭವಾದ ಬಿ. ದತ್ತಾರಾಮ್ ಸಂಸ್ಥೆಯು ದೇಶದ ಮೊಟ್ಟಮೊದಲ ಜಾಹೀರಾತು ಸಂಸ್ಥೆಗಳ ಸಾಲಿಗೆ ಸೇರುತ್ತದೆ. 1967ರಲ್ಲಿ ಆಕಾಶವಾಣಿಯ ವಿವಿಧ ಭಾರತಿಯಲ್ಲಿಯೂ 1976ರಲ್ಲಿ ದೂರದರ್ಶನದಲ್ಲಿಯೂ ಜಾಹೀರಾತುಗಳ ಪ್ರಸಾರ ಪ್ರಾರಂಭವಾಯಿತು. ಕರಾವಳಿಯ ಮಟ್ಟಿಗೆ ಹೇಳುವುದಾದರೆ, 1970ರ ಜನವರಿ 1ರಂದು ಮಣಿಪಾಲದಿಂದ ‘ಉದಯವಾಣಿ’ ದಿನಪತ್ರಿಕೆ ಹೊರಬಂದುದು ಮಹತ್ತ್ವದ ಘಟನೆ. ಪತ್ರಿಕೆಯನ್ನು ಕೊಳ್ಳುವವನು ಕೊಡುವ ಬೆಲೆಯಿಂದ ಕಾಗದ, ಮುದ್ರಣ, ಸಾಗಾಟಗಳ ವೆಚ್ಚವೆಲ್ಲವೂ ಹುಟ್ಟುವುದಿಲ್ಲ. ಉಳಿದುದನ್ನು ತುಂಬಿಕೊಡುವುದು ಜಾಹೀರಾತಿನ ಆದಾಯ. ಸ್ಥಳೀಯ ಪತ್ರಿಕೆಯಿದ್ದರೆ ಕಾರ್ಕಳದ ಬಟ್ಟೆಯಂಗಡಿಯವನೂ ಕಾಪುವಿನ ಹೋಟೆಲಿನವನೂ ತನ್ನ ಊರಿನ ಓದುಗರಿಗೆ ತನ್ನ ಮಾತನ್ನು ಮುಟ್ಟಿಸಬಲ್ಲನು. ಹೀಗೆ ಪತ್ರಿಕೆಯೂ ಬದುಕುತ್ತದೆ, ವ್ಯಾಪಾರವೂ ಬೆಳೆಯುತ್ತದೆ. ಇವೆರಡರ ನಡುವೆ ಕೆಲಸಮಾಡುವ ಹಲವು ಕೈಗಳಿಗೆ ಉದ್ಯೋಗವೂ ದೊರೆಯುತ್ತದೆ.

ಜಾಹೀರಾತು ಸಂಸ್ಥೆಯೊಂದರ ಒಳಗಿನ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಉಚಿತ. ವಸ್ತುವನ್ನು ತಯಾರಿಸಿದವನು ಮೊದಲು ಸಂಸ್ಥೆಗೆ ಬಂದು ತನ್ನ ಅಗತ್ಯವನ್ನು ತಿಳಿಸುತ್ತಾನೆ. ಅವನ ಮಾತನ್ನು ಕೇಳಿ, ಬರೆದುಕೊಂಡು, ಇತರ ವಿಭಾಗಗಳಿಗೆ ಮುಟ್ಟಿಸುವವರು ಗ್ರಾಹಕ ಸಂಪರ್ಕದ ಅಧಿಕಾರಿಗಳು. ಕೊಳ್ಳುವವರು ಯಾರು, ಅವರಿಗೆ ಬೇಕಾದುದೇನು ಎಂದು ಊರೂರು ಸುತ್ತಿ ವಿಚಾರಿಸುವವರು ಸಂಶೋಧಕರು. ಹೇಳಬೇಕಾದುದನ್ನು ಮಾತಿಗೆ ಇಳಿಸುವವನು ಬರೆಹಗಾರ. ಅದಕ್ಕೆ ರೂಪವನ್ನೂ ಬಣ್ಣವನ್ನೂ ಕೊಡುವವನು ಕಲಾವಿದ. ಯಾವ ಪತ್ರಿಕೆಯಲ್ಲಿ, ಯಾವ ದಿನ, ಎಷ್ಟು ಜಾಗದಲ್ಲಿ ಅದು ಬರಬೇಕು, ಬಾನುಲಿಯಲ್ಲಾದರೆ ಎಷ್ಟು ಸೆಕೆಂಡು ಇರಬೇಕು ಎಂದು ನಿರ್ಧರಿಸುವುದು ಮಾಧ್ಯಮ ವಿಭಾಗದ ಹೊಣೆ. ಜಾಗಕ್ಕೂ ಹೊತ್ತಿಗೂ ಬೆಲೆಯಿರುವುದರಿಂದ, ಇಲ್ಲಿ ಅನಾವಶ್ಯಕವಾದ ಒಂದು ಪದವೂ ಹಣದ ನಷ್ಟವೇ ಸರಿ. ಪತ್ರಿಕೆಗಳು ತಮಗೆ ಸಲ್ಲುವ ಹಣದಲ್ಲಿ ಶೇಕಡಾ 15ರಷ್ಟನ್ನು ಸಂಸ್ಥೆಗೆ ದಳ್ಳಾಳಿಯಾಗಿ ಬಿಟ್ಟುಕೊಡುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಕೆಲಸಕ್ಕೆ ತಕ್ಕ ಶುಲ್ಕವನ್ನು ಗೊತ್ತುಮಾಡಿಕೊಳ್ಳುವ ಕ್ರಮವೂ ಈಗ ರೂಢಿಯಲ್ಲಿದೆ.

ಚಿತ್ರಕಾರನ ಒಂದು ರೇಖೆ ಎಷ್ಟು ದೂರ ಸಾಗಬಲ್ಲುದು ಎಂಬುದನ್ನು ಮೈಸೂರಿನವರಾದ ಆರ್. ಕೆ. ಲಕ್ಷ್ಮಣ್ ತೋರಿಸಿಕೊಟ್ಟರು. 1954ರಲ್ಲಿ ಅವರು ಏಷ್ಯನ್ ಪೇಂಟ್ಸ್ ಸಂಸ್ಥೆಗಾಗಿ ಕೈಯಲ್ಲಿ ಕುಂಚವನ್ನೂ ಬಣ್ಣದ ಡಬ್ಬಿಯನ್ನೂ ಹಿಡಿದ ತುಂಟ ಹುಡುಗನೊಬ್ಬನನ್ನು ಚಿತ್ರಿಸಿದರು. ‘ಗಟ್ಟು’ ಎಂಬ ಹೆಸರಿನ ಆ ಹುಡುಗ ಹಲವು ದಶಕಗಳ ಕಾಲ ದೇಶದ ಮೂಲೆಮೂಲೆಯ ಅಂಗಡಿಗಳ ಮುಂದೆ ನಿಂತಿದ್ದನು. ಓದು ಬಾರದವರೂ ಆ ಚಿತ್ರವನ್ನು ನೋಡಿ ತಮಗೆ ಬೇಕಾದ ಬಣ್ಣವನ್ನು ಗುರುತಿಸಬಹುದಾಗಿತ್ತು.

ಈಗ ಈ ವೃತ್ತಿಗೆ ಹೊಸದಾಗಿ ಕಾಲಿಟ್ಟ ತರುಣಿಯೊಬ್ಬಳ ಕೈಗೆ ಮಟ್ಟುಗುಳ್ಳದ ಜಾಹೀರಾತನ್ನು ಬರೆಯುವ ಕೆಲಸ ಬಂದಿದೆ ಎಂದು ಭಾವಿಸೋಣ. ಮಟ್ಟು ಎಂಬುದು ಕಟಪಾಡಿಯ ಬಳಿ, ಕಾಪುವಿಗೆ ಸಮೀಪದಲ್ಲಿ, ಕಡಲ ಅಂಚಿನಲ್ಲಿರುವ ಒಂದು ಗ್ರಾಮ. ಅಲ್ಲಿ ಬೆಳೆಯುವ ದುಂಡನೆಯ, ತಿಳಿಹಸುರು ಬಣ್ಣದ, ಗೆರೆಗಳುಳ್ಳ ಬದನೆಗೆ ಗುಳ್ಳವೆಂದು ಹೆಸರು. ಶ್ರೀ ವಾದಿರಾಜರು ಇದರ ಬೀಜವನ್ನು ಆ ಊರಿನವರಿಗೆ ಕೊಟ್ಟರೆಂಬ ಐತಿಹ್ಯವಿದೆ. ಉಡುಪಿಯ ಪರ್ಯಾಯದ ಸಂದರ್ಭದಲ್ಲಿ ಹೊರೆಕಾಣಿಕೆಯಾಗಿಯೂ ಇದು ಸಲ್ಲುತ್ತದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕವೆಂಬ ಮಾನ್ಯತೆ ದೊರೆಯಿತು. ಆದರೆ ಹೆಸರು ಬೆಳೆದಂತೆ ಅದರ ನೆರಳಿನಲ್ಲಿ ಮೋಸವೂ ಬೆಳೆಯಿತು. ಬೇರೆ ಕಡೆಗಳಲ್ಲಿ ಬೆಳೆದ ಬದನೆಯು ಮಟ್ಟುಗುಳ್ಳವೆಂಬ ಹೆಸರಿನಲ್ಲಿಯೇ ಮಾರಾಟವಾಗತೊಡಗಿತು. ಕೊಂಡವನಿಗೆ ರುಚಿ ದೊರೆಯಲಿಲ್ಲ, ಬೆಳೆದವನಿಗೆ ಬೆಲೆ ದೊರೆಯಲಿಲ್ಲ. ಆಗ ಬೆಳೆಗಾರರು ಒಟ್ಟುಗೂಡಿ ಸಂಘವನ್ನು ಕಟ್ಟಿಕೊಂಡು, ತಮ್ಮ ಗುಳ್ಳದ ಮೇಲೆ ಗುರುತಿನ ಚೀಟಿಯನ್ನು ಅಂಟಿಸಿ ಮಾರುಕಟ್ಟೆಗೆ ಕಳುಹಿಸುವ ಪದ್ಧತಿಯನ್ನು ತಂದರು.

ಅನುಭವವಿಲ್ಲದ ಕೈ ಮೊದಲು ಬರೆಯುವ ಸಾಲು ಹೀಗಿರುವುದು ಸಂಭವ: ‘ಜಗತ್ತಿನಲ್ಲಿಯೇ ಸರ್ವಶ್ರೇಷ್ಠವಾದ ಬದನೆ!’ ಇದನ್ನು ಯಾರೂ ಅಳೆದು ನೋಡಿಲ್ಲ, ಆದುದರಿಂದ ಯಾರೂ ನಂಬುವುದೂ ಇಲ್ಲ. ಎರಡನೆಯ ಸಾಲು ಇನ್ನೂ ಅಪಾಯಕಾರಿಯಾಗಿರಬಹುದು: ‘ಗುಳ್ಳವನ್ನು ತಿನ್ನಿರಿ, ಮಧುಮೇಹವನ್ನು ಓಡಿಸಿರಿ!’ ಇದನ್ನು ನಂಬಿ ರೋಗಿಯೊಬ್ಬನು ವೈದ್ಯರು ಕೊಟ್ಟ ಔಷಧವನ್ನು ಬಿಟ್ಟುಬಿಟ್ಟರೆ ಅದರ ಫಲವೇನಾದೀತು ಎಂಬುದನ್ನು ಬರೆದವಳು ಯೋಚಿಸಬೇಕು. ಆಕೆ ಒಂದು ದಿನ ಮಟ್ಟುವಿಗೆ ಹೋಗಿ ಗದ್ದೆಯ ಬದುವಿನ ಮೇಲೆ ನಡೆದು, ಬೆಳೆಗಾರರೊಡನೆ ಮಾತಾಡಿ, ಅವರ ಮನೆಯಲ್ಲಿ ಗುಳ್ಳದ ಹುಳಿಯ ರುಚಿಯನ್ನು ನೋಡಿ ಬಂದರೆ ಆಗ ಬರೆಯುವ ಮಾತೇ ಬೇರೆಯಾಗುತ್ತದೆ. ‘ಮಟ್ಟುವಿನ ಗದ್ದೆಯಲ್ಲಿ ಬೆಳೆದದ್ದು. ಚೀಟಿ ನೋಡಿ ಕೊಳ್ಳಿರಿ.’ ಇಷ್ಟೇ ಸಾಕು. ಇದರಲ್ಲಿ ಊರಿನ ಹೆಸರಿದೆ, ನಿಜವಾದುದನ್ನು ಗುರುತಿಸುವ ಉಪಾಯವಿದೆ, ಸುಳ್ಳಿನ ಲೇಶವೂ ಇಲ್ಲ. ಗದ್ದೆಯಲ್ಲಿ ಬೆವರು ಸುರಿಸಿದ ಬೆಳೆಗಾರನ ಸಂಸಾರದ ಬೆಂಬಲಕ್ಕೆ ಈ ಎರಡು ಚಿಕ್ಕ ವಾಕ್ಯಗಳು ನಿಲ್ಲುತ್ತವೆ.

ಸುಳ್ಳಾಡುವ ಜಾಹೀರಾತನ್ನು ತಡೆಯಲು ಕಾನೂನುಗಳೂ ಇವೆ. 1954ರಷ್ಟು ಹಿಂದೆಯೇ, ಮಧುಮೇಹವೇ ಮೊದಲಾದ ಕೆಲವು ಕಾಯಿಲೆಗಳನ್ನು ಗುಣಪಡಿಸುವುದಾಗಿ ಔಷಧಗಳ ಜಾಹೀರಾತು ನೀಡುವುದನ್ನು ಕೇಂದ್ರ ಸರ್ಕಾರದ ಅಧಿನಿಯಮವೊಂದು ನಿಷೇಧಿಸಿತು. 1985ರಲ್ಲಿ ಜಾಹೀರಾತು ಉದ್ಯಮದವರೇ ಮುಂದೆ ಬಂದು ಭಾರತೀಯ ಜಾಹೀರಾತು ಗುಣಮಟ್ಟ ಮಂಡಲಿಯನ್ನು ರಚಿಸಿಕೊಂಡರು. 2003ರ ಅಧಿನಿಯಮವು ತಂಬಾಕಿನ ಜಾಹೀರಾತಿಗೆ ಕಡಿವಾಣ ಹಾಕಿತು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ, ಜನರನ್ನು ತಪ್ಪುದಾರಿಗೆಳೆಯುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೂ, ಅದೇ ತಪ್ಪನ್ನು ಮತ್ತೆ ಮಾಡಿದರೆ 50 ಲಕ್ಷ ರೂಪಾಯಿಗಳವರೆಗೂ ದಂಡ ವಿಧಿಸಬಹುದು. ವಸ್ತುವನ್ನು ಹೊಗಳಿ ನಟಿಸಿದ ಖ್ಯಾತನಾಮರೂ ಸರಿಯಾಗಿ ವಿಚಾರಿಸದೆ ಒಪ್ಪಿಕೊಂಡಿದ್ದರೆ ಈ ಹೊಣೆಯಿಂದ ಪಾರಾಗುವಂತಿಲ್ಲ. ಆದರೂ ಪ್ರತಿಯೊಂದು ಮಾತಿನ ಹಿಂದೆಯೂ ಕಾನೂನು ಕಾವಲು ನಿಲ್ಲಲಾರದು. ‘ಹೀಗೆ ಬರೆದುಬಿಡಿ, ಯಾರು ಕೇಳುತ್ತಾರೆ?’ ಎಂದು ಗ್ರಾಹಕನು ಒತ್ತಾಯಿಸುವ ದಿನ ಈ ವೃತ್ತಿಯಲ್ಲಿರುವವರ ಬಾಳಿನಲ್ಲಿ ಒಮ್ಮೆಯಾದರೂ ಬರುತ್ತದೆ. ಅಂದು ವಿನಯದಿಂದ, ಆದರೆ ದೃಢವಾಗಿ, ‘ಆಗದು’ ಎನ್ನಬೇಕು. ಅದರಿಂದ ಒಂದು ಕೆಲಸ ಕೈತಪ್ಪಿ ಹೋಗಬಹುದು. ಆದರೆ ಮಾತು ನಂಬಿಕೆ ಕಳೆದುಕೊಂಡ ಮೇಲೆ ಮಾತನ್ನೇ ಬಂಡವಾಳವಾಗಿ ಉಳ್ಳವನಿಗೆ ಉಳಿಯುವುದಾದರೂ ಏನು?

ಇನ್ನು ಭಾಷೆಯ ವಿಷಯ. ಕನ್ನಡದಲ್ಲಿ ಕಾಣಿಸಿಕೊಳ್ಳುವ ಜಾಹೀರಾತುಗಳಲ್ಲಿ ಅನೇಕವು ಮುಂಬಯಿಯಲ್ಲಿಯೋ ದೆಹಲಿಯಲ್ಲಿಯೋ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಹುಟ್ಟಿ, ಬಳಿಕ ಭಾಷಾಂತರಗೊಂಡವು. ‘ನಿಮ್ಮ ಕುಟುಂಬವು ಅತ್ಯುತ್ತಮವಾದುದಕ್ಕೆ ಅರ್ಹವಾಗಿದೆ’ ಎಂಬಂತಹ ವಾಕ್ಯಗಳನ್ನು ಓದಿದಾಗ ಅಕ್ಷರ ಕನ್ನಡದ್ದಾದರೂ ಉಸಿರು ಕನ್ನಡದ್ದಲ್ಲವೆಂದು ಒಡನೆಯೇ ತಿಳಿದುಬಿಡುತ್ತದೆ. ಕಾರ್ಕಳದ ಯಾವ ತಾಯಿಯೂ ಹೀಗೆ ಮಾತಾಡುವುದಿಲ್ಲ. ‘ಮನೆಮಂದಿಗೆ ಒಳ್ಳೆಯದೇ ಇರಲಿ’ ಎಂದು ಆಕೆ ಹೇಳಿಯಾಳು. ಮೂಲದ ಪದಗಳನ್ನು ಬಿಟ್ಟು ಅದರ ಆಶಯವನ್ನು ಹಿಡಿದು, ಕನ್ನಡದಲ್ಲಿಯೇ ಯೋಚಿಸಿ ಬರೆಯಬಲ್ಲವರಿಗೆ ಈ ಉದ್ಯಮದಲ್ಲಿ ಸ್ಥಾನವಿದೆ. ತುಳು, ಕೊಂಕಣಿ, ಬ್ಯಾರಿ, ಕುಂದಾಪುರದ ಕನ್ನಡ ಇವೆಲ್ಲ ಒಂದೇ ಪೇಟೆಯಲ್ಲಿ ಕಿವಿಗೆ ಬೀಳುವ ಈ ಜಿಲ್ಲೆಯ ವಿದ್ಯಾರ್ಥಿಗಳಿಗೆ ಮಾತಿನ ಸೂಕ್ಷ್ಮ ಹುಟ್ಟಿನಿಂದಲೇ ಬಂದಿರುತ್ತದೆ. ಅದರ ಜೊತೆಗೆ ಇಂಗ್ಲಿಷನ್ನೂ ಶ್ರದ್ಧೆಯಿಂದ ಕಲಿತುಕೊಳ್ಳಬೇಕು. ಏಕೆಂದರೆ ಸಂಸ್ಥೆಗಳ ಪತ್ರವ್ಯವಹಾರ ಬಹುಮಟ್ಟಿಗೆ ಆ ಭಾಷೆಯಲ್ಲಿ ನಡೆಯುತ್ತದೆ. ಆದರೆ ಇಂಗ್ಲಿಷು ಬರುವುದಿಲ್ಲವೆಂಬ ಅಳುಕಿನಿಂದ ಕನ್ನಡದ ಸಂಪತ್ತನ್ನು ಬದಿಗಿಡುವುದು ಜಾಣತನವಲ್ಲ.

ಈ ವೃತ್ತಿಗೆ ಸಿದ್ಧತೆಯನ್ನು ಪ್ರೌಢಶಾಲೆಯಲ್ಲಿರುವಾಗಲೇ ಆರಂಭಿಸಬಹುದು. ಕಾರ್ಕಳದ ಪೇಟೆಯಲ್ಲಿ ಒಂದು ಸಂಜೆ ನಡೆದಾಡಿ ಅಂಗಡಿಗಳ ನಾಮಫಲಕಗಳನ್ನು ಗಮನಿಸಿರಿ. ಯಾವುದನ್ನು ದೂರದಿಂದಲೇ ಓದಬಹುದು, ಯಾವುದರಲ್ಲಿ ಕಾಗುಣಿತ ತಪ್ಪಿದೆ, ಯಾವುದು ಮನೆಗೆ ಬಂದ ಮೇಲೂ ನೆನಪಿನಲ್ಲಿ ಉಳಿಯಿತು ಎಂದು ಬರೆದಿಟ್ಟುಕೊಳ್ಳಿರಿ. ಅತ್ತೂರಿನ ಸಂತ ಲಾರೆನ್ಸರ ಜಾತ್ರೆಯಲ್ಲಿ ಸಾಲುಸಾಲಾಗಿ ಕುಳಿತ ವ್ಯಾಪಾರಿಗಳು ಜನರನ್ನು ಕರೆಯುವ ಬಗೆಯನ್ನು ಆಲಿಸಿರಿ. ಶಾಲೆಯ ವಾರ್ಷಿಕೋತ್ಸವಕ್ಕೆ ಕರಪತ್ರವನ್ನೂ ರಕ್ತದಾನ ಶಿಬಿರಕ್ಕೆ ಭಿತ್ತಿಪತ್ರವನ್ನೂ ನೀವೇ ರಚಿಸಿರಿ. ಇಂತಹ ಪ್ರಯತ್ನಗಳನ್ನು ಒಂದು ಕಡತದಲ್ಲಿ ಜೋಪಾನವಾಗಿ ಕೂಡಿಡುತ್ತ ಬಂದರೆ, ಮುಂದೆ ಕೆಲಸ ಕೇಳಲು ಹೋದಾಗ ಅದೇ ಸಾಕ್ಷಿಯಾಗುತ್ತದೆ. ಈ ಉದ್ಯಮದಲ್ಲಿ ಅಂಕಪಟ್ಟಿಗಿಂತ ಇಂತಹ ಕಡತಕ್ಕೆ ಹೆಚ್ಚಿನ ಬೆಲೆಯಿದೆ.

ಯಾವುದೇ ವಿಷಯದಲ್ಲಿ ಪದವಿ ಪಡೆದವರೂ ಈ ವೃತ್ತಿಗೆ ಸೇರಬಹುದು. ವಿಶೇಷ ಶಿಕ್ಷಣ ಬೇಕೆನ್ನುವವರಿಗೆ ಮಣಿಪಾಲದಲ್ಲಿ 1997ರಲ್ಲಿ ಆರಂಭವಾದ ಸಂವಹನ ಶಿಕ್ಷಣ ಸಂಸ್ಥೆಯು ಮನೆಯಂಗಳದಲ್ಲಿಯೇ ಇದೆ. ದೆಹಲಿಯಲ್ಲಿ 1965ರಲ್ಲಿ ಸ್ಥಾಪಿತವಾದ ಭಾರತೀಯ ಸಮೂಹ ಸಂವಹನ ಸಂಸ್ಥೆಯಲ್ಲಿಯೂ ಜಾಹೀರಾತಿನ ಬೋಧನೆಯುಂಟು. ಚಿತ್ರಕಲೆಯಲ್ಲಿ ಒಲವುಳ್ಳವರು ಕಲಾಶಾಲೆಗಳನ್ನು ಸೇರಬಹುದು. ಹಣಕಾಸಿನ ಅನುಕೂಲವಿಲ್ಲದವರು ನಿರಾಶರಾಗಬೇಕಾಗಿಲ್ಲ. ಊರಿನ ಮುದ್ರಣಾಲಯದಲ್ಲಿ ಅಥವಾ ಪತ್ರಿಕೆಯ ಸ್ಥಳೀಯ ಕಚೇರಿಯಲ್ಲಿ ಚಿಕ್ಕ ಕೆಲಸಕ್ಕೆ ಸೇರಿ, ಅಕ್ಷರಗಳ ಅಳತೆ, ಕಾಗದದ ಬಗೆ, ಕರಡು ತಿದ್ದುವ ಕ್ರಮಗಳನ್ನು ಕಲಿತು ಮೇಲೇರಬಹುದು. ಮೊದಲ ವರ್ಷಗಳು ಸುಲಭವಾಗಿರುವುದಿಲ್ಲ. ಇಪ್ಪತ್ತು ಸಾಲು ಬರೆದರೆ ಹತ್ತೊಂಬತ್ತನ್ನು ಹೊಡೆದುಹಾಕುತ್ತಾರೆ. ಉಳಿದ ಒಂದರ ಕೆಳಗೂ ಬರೆದವನ ಹೆಸರಿರುವುದಿಲ್ಲ. ಗೊತ್ತಾದ ದಿನಕ್ಕೆ ಕೆಲಸ ಮುಗಿಯಲೇಬೇಕಾದುದರಿಂದ ರಾತ್ರಿ ನಿದ್ದೆಗೆಡುವುದೂ ಉಂಟು. ತಾಳ್ಮೆ, ಕುತೂಹಲ, ತನ್ನ ಬರೆಹವನ್ನು ತಾನೇ ತಿದ್ದಿಕೊಳ್ಳುವ ಮನಸ್ಸು ಇರುವವರು ಮಾತ್ರ ಇದರಲ್ಲಿ ನೆಲೆನಿಲ್ಲಬಲ್ಲರು.

ಕಾಪುವಿನ ಕಡಲ ತೀರದಲ್ಲಿ, ಬಂಡೆಯ ಮೇಲೆ, 1901ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಪ್ರತಿಯೊಂದು ದೀಪಸ್ತಂಭಕ್ಕೂ ಬೆಳಗಿ ಆರುವ ತನ್ನದೇ ಆದ ಒಂದು ಲಯವಿರುತ್ತದೆ. ಕತ್ತಲಲ್ಲಿ ದೋಣಿ ನಡೆಸುವವನು ಆ ಲಯವನ್ನು ನೋಡಿಯೇ ತಾನಿರುವ ಸ್ಥಳವನ್ನು ಗುರುತಿಸುತ್ತಾನೆ. ಜಾಹೀರಾತೂ ಇಂತಹ ದೀಪವೇ. ನೂರು ಬೆಳಕುಗಳ ನಡುವೆ ತನ್ನ ಗುರುತನ್ನು ತೋರುವಂತೆ ಅದು ಬೆಳಗಬೇಕು. ಆದರೆ ಆ ಬೆಳಕನ್ನು ನಂಬಿ ದಡದ ಕಡೆಗೆ ಬರುವವರು ಇದ್ದಾರೆಂಬುದನ್ನು ದೀಪ ಹಚ್ಚುವವನು ಎಂದಿಗೂ ಮರೆಯಬಾರದು. ದೀಪ ತಪ್ಪು ಹೇಳಿದರೆ ದೋಣಿ ಬಂಡೆಗೆ ತಾಗುತ್ತದೆ. ಈ ಎಚ್ಚರವಿಟ್ಟುಕೊಂಡು ಜಾಹೀರಾತಿನ ಕ್ಷೇತ್ರಕ್ಕೆ ಕಾಲಿಡುವ ತರುಣರು ತಮಗೂ ಸಮಾಜಕ್ಕೂ ಹಿತವನ್ನುಂಟುಮಾಡುವರೆಂಬುದರಲ್ಲಿ ಸಂದೇಹವಿಲ್ಲ.